ಖಾಲಿ ರೀಲು, ಹುಣಸೆ ಬೀಜ ಮತ್ತು ಬೇಸಿಗೆ ರಜೆ

ಪತ್ರ: "ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ರಜೆ ಶುರುವಾಗಿ ಇನ್ನೂ ವಾರ ಆಗಿಲ್ಲ, ಆಗಲೇ 'ಅಮ್ಮಾ, ಬೇಜಾರು' ಅಂತ ದಿನಕ್ಕೆ ನೂರು ಸಲ ಹೇಳುತ್ತಾರೆ. ಹೊರಗೆ ಬಿಡೋಣ ಅಂದರೆ ಬಿಸಿಲು. ಸಮ್ಮರ್ ಕ್ಯಾಂಪಿಗೆ ಕಳಿಸುವಷ್ಟು ದುಡ್ಡಿಲ್ಲ. ಮಷಿನ್ ಮುಂದೆ ಕೂತಾಗ ಫೋನ್ ಕೊಟ್ಟುಬಿಡುತ್ತೇನೆ. ಆಮೇಲೆ ರಾತ್ರಿ ನನಗೇ ಅಳು ಬರುತ್ತದೆ. ದಿನಾ ಹೊಸದೊಂದು ಎಲ್ಲಿಂದ ತರಲಿ?"
ಒಬ್ಬ ತಾಯಿ, ರಾಯಚೂರು

ಸಂಪಾದಕರ ಉತ್ತರ

ತಂಗಿ, ನಿಮ್ಮ ಕಾಗದ ಓದಿ ಅವತ್ತೇ ಉತ್ತರ ಬರೆಯಲು ಕೂತೆ. ರಾತ್ರಿ ಅಳುವಂಥ ತಪ್ಪು ನೀವೇನೂ ಮಾಡಿಲ್ಲ. ಮೊದಲು ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಮನೆಗೆಲಸ, ಹೊಲಿಗೆ, ಎರಡು ಮಕ್ಕಳು, ಮೇಲೆ ರಾಯಚೂರಿನ ಬಿಸಿಲು. ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಮಕ್ಕಳನ್ನು ಒಳಗೆ ಇಟ್ಟುಕೊಂಡಿದ್ದೀರಿ, ಸರಿಯಾಗಿಯೇ ಮಾಡಿದ್ದೀರಿ.

ಇನ್ನು ನಿಮ್ಮ ಪ್ರಶ್ನೆ. ದಿನಾ ಹೊಸದು ತರಬೇಡಿ. ನಾಲ್ಕು ವರ್ಷದ ಮಗುವಿಗೆ ಬೇಕಾದದ್ದು ಹೊಸದಲ್ಲ, ನಿನ್ನೆ ಮಾಡಿದ್ದೇ ಇವತ್ತೂ ಮಾಡುವುದು. ಒಂದೇ ಕಥೆಯನ್ನು ಹತ್ತು ಸಲ ಹೇಳಿಸಿಕೊಳ್ಳುತ್ತಾನಲ್ಲ, ನೀವು ಒಂದು ಮಾತು ಬಿಟ್ಟರೂ ತಿದ್ದುತ್ತಾನಲ್ಲ, ಹಾಗೆ. ಮಕ್ಕಳಿಗೆ ಖುಷಿ ಬರುವುದು ದೊಡ್ಡವರ ನಿಜವಾದ ಕೆಲಸದಲ್ಲಿ ತಮಗೂ ಒಂದು ಪಾಲು ಸಿಕ್ಕಾಗ. ಆಟ ಅದರೊಳಗಿಂದ ತಾನಾಗಿ ಹುಟ್ಟುತ್ತದೆ.

ನನ್ನ ಬೇಸಿಗೆ ರಜೆಗಳೆಲ್ಲ ಅಜ್ಜಿಯ ಮನೆಯಲ್ಲಿ ಕಳೆದವು. ಏಪ್ರಿಲ್ ಬಂತೆಂದರೆ ಅಜ್ಜಿ ಸಂಡಿಗೆ ಹಾಕುತ್ತಿದ್ದಳು. ಬೆಳಿಗ್ಗೆ ಅಕ್ಕಿ ಹಿಟ್ಟಿನ ಗಂಜಿ ಕಾಯಿಸಿ, ಜೀರಿಗೆ, ಉಪ್ಪು, ಹಸಿಮೆಣಸಿನಕಾಯಿ ಅರೆದು ಹಾಕಿ, ಆರಿದ ಮೇಲೆ ಹಳೆಯ ಪಂಚೆ ಹಾಸಿ ನಮ್ಮನ್ನು ಕರೆಯುತ್ತಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಚಮಚ. ಸಾಲು ಬಿಟ್ಟು ಸಾಲು ಹಾಕಬೇಕು. ಬಿಸಿಲೇರಿದ ಮೇಲೆ ನಾವು ಜಗುಲಿಯ ನೆರಳಲ್ಲಿ ಕೋಲು ಹಿಡಿದು ಕಾಗೆ ಕಾಯುವವರು. ಕಾಗೆ ಗೋಡೆ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು, ನಾವು ಕಾಗೆಯನ್ನೇ. ಮಧ್ಯೆ ಮಧ್ಯೆ ಅರ್ಧ ಒಣಗಿದ ಸಂಡಿಗೆ ಕದ್ದು ಬಾಯಿಗೆ. ಮೇಲೆ ಗರಿ, ಒಳಗೆ ಮೆತ್ತಗೆ. ಆ ರುಚಿ ಕರಿದ ಸಂಡಿಗೆಗೂ ಇಲ್ಲ. ನಮ್ಮ ಲೆಕ್ಕದಲ್ಲಿ ಅಜ್ಜಿಗೆ ಅದು ಗೊತ್ತೇ ಇರಲಿಲ್ಲ. ಅವಳು ಕದಿಯುವವರಿಗೆ ಅಂತಲೇ ಒಂದು ಸಾಲು ಜಾಸ್ತಿ ಹಾಕುತ್ತಿದ್ದಳು ಎಂದು ತಿಳಿದದ್ದು ನಾನು ತಾಯಿಯಾದ ಮೇಲೆ, ಅಮ್ಮ ಹೇಳಿದಾಗ.

ನೀವು ಸಂಡಿಗೆ ಹಾಕಲೇಬೇಕು ಅಂತಲ್ಲ. ನಿಮ್ಮ ಮನೆಯಲ್ಲಿ ಇನ್ನೂ ಚೆನ್ನಾದದ್ದು ಇದೆ: ಹೊಲಿಗೆ ಮಷಿನ್. ಟೈಲರ್ ಮನೆಯ ಮಕ್ಕಳಿಗೆ ಆಟಿಕೆ ಕೊಳ್ಳಬೇಕೇ? ಚಿಂದಿ ಬಟ್ಟೆ, ಖಾಲಿ ರೀಲು, ಗುಂಡಿಗಳ ಡಬ್ಬಿ, ಅಳತೆ ಟೇಪು, ಚಾಕ್ ತುಂಡು. ಮಷಿನ್ ಪಕ್ಕದಲ್ಲಿ, ನಿಮ್ಮ ಕಣ್ಣಿಗೆ ಬೀಳುವ ಹಾಗೆ, ಒಂದು ಚಾಪೆ ಹಾಸಿ. ಅದು ಅವರ ಅಂಗಡಿ. ಮಗನಿಗೆ ಚಿಂದಿ ಬೇರೆ ಮಾಡುವ ಕೆಲಸ ಕೊಡಿ: ಕೆಂಪು ಒಂದು ಕಡೆ, ನೀಲಿ ಒಂದು ಕಡೆ, ಹೂವಿನದು ಇನ್ನೊಂದು ಕಡೆ. ಮುಗಿಸಿದ ಮೇಲೆ ನೀವು ನಿಜವಾಗಿಯೂ ಆ ಗುಂಪಿನಿಂದಲೇ ಒಂದು ತುಂಡು ಕೇಳಿ ತೆಗೆದುಕೊಳ್ಳಿ. ಸುಮ್ನೆ ಕೊಟ್ಟ ಕೆಲಸ ಯಾವುದು, ಬೇಕಾಗಿ ಕೊಟ್ಟ ಕೆಲಸ ಯಾವುದು ಅಂತ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ಮಗಳಿಗೆ ಟೇಪು ಕೊಡಿ. ಬಾಗಿಲು ಎಷ್ಟು, ತಮ್ಮ ಎಷ್ಟು, ಅಪ್ಪನ ಚಪ್ಪಲಿ ಎಷ್ಟು, ಎಲ್ಲ ಅಳೆದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಆಮೇಲೆ ಅವಳ ಕೈಗೆ ಕೌದಿ ಕೊಡಿ. ನಿಮ್ಮ ಕಡೆಯವರಿಗೆ ನಾನು ಕೌದಿಯ ಬಗ್ಗೆ ಹೇಳಬೇಕಾಗಿಲ್ಲ, ಅಲ್ವಾ? ಹಳೇ ಸೀರೆಯ ಪದರು, ಮೇಲೆ ಬಣ್ಣಬಣ್ಣದ ತುಂಡು, ಉದ್ದಕ್ಕೂ ಓಡುವ ಹೊಲಿಗೆ. ಗೊಂಬೆಗೆ ಸಾಕಾಗುವಷ್ಟು, ಒಂದು ಗೇಣು ಅಗಲದ ಪುಟ್ಟ ಕೌದಿಯನ್ನು ಏಳು ವರ್ಷದವಳು ಒಂದು ರಜೆಯಲ್ಲಿ ಹೊಲಿದು ಮುಗಿಸಬಲ್ಲಳು. ದಿನಕ್ಕೆ ಎರಡು ಸಾಲು ಸಾಕು. ದಪ್ಪ ಸೂಜಿ ಕೊಡಿ, ನಿಮ್ಮ ಎದುರೇ ಹೊಲಿಯಲಿ, ಮುಗಿದ ಮೇಲೆ ಸೂಜಿ ಎಣಿಸಿ ಎತ್ತಿಡಿ. ಹೊಲಿಗೆ ಸೊಟ್ಟಗಾದರೆ ಬಿಚ್ಚಿಸಬೇಡಿ. ಆ ಸೊಟ್ಟ ಹೊಲಿಗೆಯನ್ನು ಅವಳೇ ಮುಂದೊಂದು ದಿನ ಪ್ರೀತಿಯಿಂದ ನೋಡುತ್ತಾಳೆ.

ಮಧ್ಯಾಹ್ನದ ಹೊತ್ತೇ ಕಷ್ಟ. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಬಿಡುವಂತಿಲ್ಲ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ನೆಲ ಒರೆಸಿ, ಚಾಕ್‌ನಲ್ಲಿ ಚೌಕಾಬಾರ ಬರೆಯಿರಿ. ಕಟ್ಟೆಮನೆ ಅಂತಲೂ ಕರೆಯುತ್ತಾರೆ, ಊರಿಗೊಂದು ಹೆಸರು. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ. ಕವಡೆ ಇಲ್ಲದಿದ್ದರೆ ಹುಣಸೆ ಬೀಜ. ಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಬೇಕು. ಅಂಥ ನಾಲ್ಕು ಬೀಜ ಸಿದ್ಧ ಮಾಡುವುದರಲ್ಲೇ ಒಂದು ಮಧ್ಯಾಹ್ನ ಕಳೆಯುತ್ತದೆ! ಉಜ್ಜಿದ ಬೀಜ ಬಿಸಿಯಾಗುತ್ತದೆ. ಅದನ್ನು ಮೆಲ್ಲಗೆ ಅಂಗೈಗೆ ಮುಟ್ಟಿಸಿ, "ಒಲೆ ಇಲ್ಲದೆ ಇದು ಹೇಗೆ ಬಿಸಿ ಆಯ್ತು?" ಅಂತ ಕೇಳಿ. ಉತ್ತರ ನೀವು ಹೇಳಬೇಡಿ. ಅವಳು ಯೋಚಿಸಲಿ, ಕೈಗೆ ಕೈ ಉಜ್ಜಿ ನೋಡಲಿ.

ನಾಲ್ಕೂ ಬಿಳಿ ಬಿದ್ದರೆ ನಾಲ್ಕು, ಅದು ಚೌಕ. ನಾಲ್ಕೂ ಕಪ್ಪು ಬಿದ್ದರೆ ಎಂಟು, ಅದು ಬಾರ. ಕಾಯಿ ನಡುಮನೆ ಸೇರಿದರೆ "ಹಣ್ಣಾಯಿತು." ಎಣಿಕೆ, ಕಾಯುವುದು, ಸೋಲುವುದು, ಮತ್ತೆ ಆಡುವುದು ಎಲ್ಲ ಅದರಲ್ಲಿದೆ. ಚಿಕ್ಕವನು ಜಗಳ ತೆಗೆಯುತ್ತಾನೆ, ನಿಯಮ ಅವನಿಗೆ ತಿಳಿಯುವುದಿಲ್ಲ. ನಮ್ಮ ಹಿರಿಯರು ಅದಕ್ಕೂ ದಾರಿ ಮಾಡಿಟ್ಟಿದ್ದರು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬೀಜ ಹಾಕುವುದು ಅವನು, ಕಾಯಿ ನಡೆಸುವುದು ಅಕ್ಕ. ಒಂದೇ ಎಚ್ಚರಿಕೆ, ಆಟ ಮುಗಿದ ತಕ್ಷಣ ಬೀಜ, ಗುಂಡಿ ಎಲ್ಲ ಡಬ್ಬಿಗೆ ಹೋಗಲಿ. ಆ ವಯಸ್ಸಿನವರು ಮೂಗಿಗೋ ಕಿವಿಗೋ ತುರುಕಿಕೊಳ್ಳುತ್ತಾರೆ.

ಈ ರಜೆಯಲ್ಲಿ ನಿಮ್ಮ ಮನೆ ಅಂಗಳಕ್ಕೇ ಒಂದು ಸೋಜಿಗ ಬರಲಿದೆ. ಮೇ 5ರ ಆಸುಪಾಸಿನಲ್ಲಿ ರಾಯಚೂರಿನಲ್ಲಿ ನೆರಳಿಲ್ಲದ ದಿನ. ಮಧ್ಯಾಹ್ನ ಸುಮಾರು 12 ಗಂಟೆ 17 ನಿಮಿಷಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡಕ್ಕೇ ಸೇರಿಕೊಳ್ಳುತ್ತದೆ. ಸೂರ್ಯ ಬಡಗಣಕ್ಕೆ ಸರಿಯುತ್ತಾ ಬರುವುದರಿಂದ ಈ ದಿನ ಊರಿಂದೂರಿಗೆ ಬೇರೆ. ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ, ಕಲಬುರಗಿಗೆ ಮೇ 9ರ ಸುಮಾರಿಗೆ. ಆಗಸ್ಟಿನಲ್ಲಿ ಇನ್ನೊಮ್ಮೆ ಬರುತ್ತದೆ, ಆದರೆ ಆಗ ಮೋಡ ಅಡ್ಡ ಬರಬಹುದು. ಏಪ್ರಿಲ್ ಮಧ್ಯದಿಂದಲೇ ಶುರು ಮಾಡಿ. ಮಟ್ಟಸವಾದ ಕಲ್ಲಿನ ಮೇಲೆ ನಿಮ್ಮ ಖಾಲಿ ರೀಲೊಂದನ್ನು ನೆಟ್ಟಗೆ ನಿಲ್ಲಿಸಿ. ದಿನಾ ಅದೇ ಹೊತ್ತಿಗೆ ಮಗಳು ತಲೆಗೆ ಬಟ್ಟೆ ಹಾಕಿಕೊಂಡು ಬಂದು ಅದರ ನೆರಳಿನ ತುದಿಗೆ ಚಾಕ್ ಗುರುತು ಹಾಕಲಿ. ಎರಡು ನಿಮಿಷದ ಕೆಲಸ, ತಕ್ಷಣ ಒಳಗೆ. ಸೂರ್ಯನನ್ನು ಮಾತ್ರ ನೋಡಬಾರದು, ನೆಲವನ್ನೇ ನೋಡಬೇಕು. ನೆರಳು ದಿನದಿನಕ್ಕೆ ಕುಗ್ಗುತ್ತಾ ಬಂದು ಒಂದು ದಿನ ಮಾಯವಾಗುವುದನ್ನು ತಾನೇ ಅಳೆದು ಕಂಡ ಮಗು ಅದನ್ನು ಮರೆಯುವುದಿಲ್ಲ. ನನಗಂತೂ ಇದು ಎಷ್ಟೋ ಸಮ್ಮರ್ ಕ್ಯಾಂಪುಗಳಿಗಿಂತ ದೊಡ್ಡದು.

ಸಂಜೆ ನೀರು. ಒಂದು ಚೊಂಬು ನೀರು, ಒಂದು ಹಳೇ ಬ್ರಷ್ಷು, ಕಾದ ಕಲ್ಲು ಹಾಸು ಇದ್ದರೆ ಆಯಿತು. ಬರೆದ ಚಿತ್ರ ಕಣ್ಣೆದುರೇ ಆರಿಹೋಗುತ್ತದೆ, ಮತ್ತೆ ಬರೆಯುತ್ತಾರೆ. ನೀರಿನ ತಾಪತ್ರಯ ಇರುವಾಗಲೂ ಇಷ್ಟು ಖರ್ಚು ಮಾಡಬಹುದು. ಆದರೆ ನೀರಿನ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುತ್ತೇನೆ: ತುಂಬಿದ ಬಕೆಟ್ಟು, ಟಬ್ಬು ಮಕ್ಕಳ ಕೈಗೆ ಸಿಗುವಲ್ಲಿ ಇರಬಾರದು. ಸಂಪಿನ ಮುಚ್ಚಳ ಯಾವಾಗಲೂ ಹಾಕಿರಬೇಕು. ಚಿಕ್ಕ ಮಗು ಮುಳುಗಲು ಗೇಣುದ್ದ ನೀರೂ ಬೇಡ. ಕಾಲುವೆ ಕಡೆ ದೊಡ್ಡ ಹುಡುಗರ ಹಿಂದೆ ಹೋಗಲು ಬಿಡಲೇಬೇಡಿ.

ಇನ್ನು ಫೋನ್. ಭಾರತೀಯ ಮಕ್ಕಳ ತಜ್ಞರ ಸಂಘ 2021ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದೊಳಗಿನವರಿಗೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರಿಗೆ ಎರಡು ಗಂಟೆಗಿಂತ ಕಡಿಮೆ. ಅಂದರೆ ನಿಮ್ಮ ಇಬ್ಬರು ಮಕ್ಕಳಿಗೂ ಸ್ವಲ್ಪ ಹೊತ್ತು ಕೊಡಬಹುದು. ಅದಕ್ಕೆ ಒಂದು ಹೊತ್ತು ಗೊತ್ತು ಮಾಡಿ. ಊಟ ಆದ ಮೇಲೆ ಎರಡೂವರೆಗೆ ಅಂತಿಟ್ಟುಕೊಳ್ಳಿ, ಆಗ ನೀವೂ ಪಕ್ಕದಲ್ಲಿ ಅರ್ಧ ಗಂಟೆ ಬೆನ್ನು ಚಾಚಿ. ಬೇಜಾರು ಅಂದಾಗಲೆಲ್ಲ ಕೊಡುವುದು ಬಿಟ್ಟರೆ ಸಾಕು. ಮೊದಲ ನಾಲ್ಕೈದು ದಿನ ರಂಪ ಮಾಡುತ್ತಾರೆ. ಮಾಡಲಿ.

ಮತ್ತೆ ಆ "ಬೇಜಾರು." ಅದಕ್ಕೆ ನೀವು ಓಡಿಬಂದು ಏನೂ ಮಾಡಬೇಕಾಗಿಲ್ಲ. "ಹೌದಾ, ಬೇಜಾರಾ? ಬಾ, ನನ್ನ ಹತ್ತಿರ ಕೂತ್ಕೋ" ಅನ್ನಿ, ನಿಮ್ಮ ಹೊಲಿಗೆ ಮುಂದುವರಿಸಿ. ಕಾಲು ಗಂಟೆ ಕಾಯಿರಿ. ನೆಲದ ಮೇಲೆ ಹೊರಳಾಡುತ್ತಾ ಇದ್ದವನು ಇದ್ದಕ್ಕಿದ್ದಂತೆ ಇರುವೆ ಸಾಲಿನ ಹಿಂದೆ ಹೋಗಿರುತ್ತಾನೆ. ಇಲ್ಲವೇ ನಿಮ್ಮ ಹಳೇ ಸೀರೆ ಎಳೆದು ಮಂಚದ ಕೆಳಗೆ ಗುಡಾರ ಕಟ್ಟಿರುತ್ತಾನೆ. ಆ ಗುಡಾರವನ್ನು ಸಂಜೆಯವರೆಗೆ ಬಿಚ್ಚಬೇಡಿ.

ಮಗಳಿಗೆ ಓದುವ ಆಸೆ ಇದ್ದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ವಾರಕ್ಕೊಮ್ಮೆ ಸಂಜೆ ಕರೆದುಕೊಂಡು ಹೋಗಿ. ಹಳ್ಳಿಗಳಲ್ಲಿರುವ ಓದುಗರೂ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ, ಅಲ್ಲಿ ಮಕ್ಕಳಿಗೆ ಪುಸ್ತಕ ಸಿಗುತ್ತದೆ.

ಒಂದು ಕೇಳಿಕೆ ಇದೆ. ಮೇ 5ರಂದು ರೀಲಿನ ನೆರಳು ಏನಾಯಿತು, ಅದರ ಹಿಂದಿನ ದಿನಗಳಲ್ಲಿ ಎಷ್ಟು ಉದ್ದ ಇತ್ತು ಅನ್ನುವುದನ್ನು ಮಗಳು ತನ್ನ ಕೈಯಾರೆ ಬರೆದು ನಮಗೆ ಕಳಿಸಲಿ. ಕಾಗುಣಿತ ತಿದ್ದಬೇಡಿ. ತಮ್ಮನೂ ಒಂದು ಚಿತ್ರ ಗೀಚಲಿ. ಜೂನ್ ಸಂಚಿಕೆಯಲ್ಲಿ ಇಬ್ಬರಿಗೂ ಅರ್ಧ ಪುಟ ತೆಗೆದಿಟ್ಟಿರುತ್ತೇನೆ.

ಸಂಪಾದಕಿ