ದುಡ್ಡು ವಾಪಸ್ ಕೊಡದ ನೆಂಟನ ಮೇಲೆ ಕೇಸು ಹಾಕಿದರೆ ಪಾಪ ಬರುತ್ತಾ?

ಸಾಲ ತಗೊಂಡ ಭಾವ ವಾಪಸ್ ಕೊಡ್ತಿಲ್ಲ, ಕ್ಷಮಿಸಲೋ, ಕೇಸು ಹಾಕಲೋ ಅಂತ ಕೇಳಿದ್ದೀರಿ. ನನಗೂ ಇದೇ ಆಗಿತ್ತು. ಸಾಲ ತಗೊಂಡವನು ನಿಮಗೆ ಭಾವ, ನನಗೆ ಚಿಕ್ಕಪ್ಪನ ಮಗ, ಅಷ್ಟೇ ವ್ಯತ್ಯಾಸ. ಪ್ರೋನೋಟ್ (ಸಾಲ ತೀರಿಸ್ತೀನಿ ಅಂತ ಬರೆದು ಸೈನ್ ಹಾಕಿದ ಕಾಗದ) ಇದೆ, ದುಡ್ಡು ಕೊಟ್ಟು ಎರಡು ವರ್ಷ ದಾಟಿದೆ, ಮನೆಯವರೆಲ್ಲ 'ಕ್ಷಮಿಸಿಬಿಡು, ಕರ್ಮ ನೋಡಿಕೊಳ್ಳುತ್ತೆ' ಅಂತಿದ್ದಾರೆ ಅಂದಿರಿ. ನಮ್ಮ ಮನೆಯಲ್ಲೂ ಇದೇ ಮಾತು ಇತ್ತು.

ನಾವು ಸಕಲೇಶಪುರದ ಕಡೆಯವರು. ಸಣ್ಣ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು. ಒಂದು ವರ್ಷ ಮೆಣಸಿಗೆ ಒಳ್ಳೆ ರೇಟು ಸಿಕ್ಕಿತ್ತು. ಚಿಕ್ಕಪ್ಪನ ಮಗ ಕಾಫಿ ವ್ಯಾಪಾರ ಶುರು ಮಾಡ್ತೀನಿ ಅಂದ, ಬಂದ ದುಡ್ಡಲ್ಲಿ ಮುಕ್ಕಾಲು ಪಾಲು ಅವನ ಕೈಗಿಟ್ಟೆ. ಅಪ್ಪ ಬೈದರು ಅಂತ ರೆವಿನ್ಯೂ ಸ್ಟಾಂಪ್ ಅಂಟಿಸಿ ಪ್ರೋನೋಟ್ ಬರೆಸಿಕೊಂಡಿದ್ದೆ. ಮೊದಮೊದಲು 'ಕೊಯ್ಲು ಮುಗೀಲಿ ಅಣ್ಣ' ಅಂತಿದ್ದ. ಆಮೇಲೆ ಫೋನ್ ಎತ್ತೋದನ್ನೇ ಬಿಟ್ಟ. 'ಮಾಡಿದ್ದುಣ್ಣೋ ಮಹಾರಾಯ, ನೀನ್ಯಾಕೆ ಕೋರ್ಟು ಕಚೇರಿ ಅಲೆದು ಮನೆತನದ ಮರ್ಯಾದೆ ಕಳೀತೀಯಾ' ಅಂದರು ದೊಡ್ಡಮ್ಮ. ಅಮ್ಮ ಧರ್ಮಸ್ಥಳಕ್ಕೆ ಮುಡಿಪು ಕಟ್ಟಿದರು. ನಾನೂ ಮಂಜುನಾಥನ ಮೇಲೆ ಭಾರ ಹಾಕಿ ಸುಮ್ನೆ ಕೂತೆ.

ಭಾರ ಹಾಕಿದ್ದು ತಪ್ಪಲ್ಲ. ತಾರೀಖು ನೋಡದೇ ಕೂತಿದ್ದು ತಪ್ಪು. ಇದನ್ನು ಬಿಡಿಸಿ ಹೇಳ್ತೀನಿ, ಉದ್ದ ಆಯ್ತು ಅಂತ ಬೇಜಾರಾಗಬೇಡಿ, ಯಾಕಂದ್ರೆ ನನ್ನ ದುಡ್ಡು ಮುಳುಗಿದ್ದು ಇಲ್ಲೇ. 1963ರ ಲಿಮಿಟೇಷನ್ ಕಾಯ್ದೆ ಪ್ರಕಾರ ಇಂಥ ಸಾಲಕ್ಕೆ 3 ವರ್ಷದೊಳಗೆ ದಾವೆ ಹಾಕಬೇಕು. 'ಕೇಳಿದಾಗ ಕೊಡುತ್ತೇನೆ' ಅಂತ ಬರೆದ ಪ್ರೋನೋಟ್ ಆದರೆ ಆ 3 ವರ್ಷ ಶುರುವಾಗೋದು ಪ್ರೋನೋಟಿನ ಮೇಲಿರುವ ತಾರೀಖಿನಿಂದ. ನಾನು ಅಂದುಕೊಂಡಿದ್ದು, ಅವನು ಖಡಾಖಂಡಿತ 'ಕೊಡಲ್ಲ' ಅಂದ ದಿನದಿಂದ ಲೆಕ್ಕ ಅಂತ. ಅವನು ಯಾವತ್ತೂ ಕೊಡಲ್ಲ ಅಂತ ಹೇಳಲೇ ಇಲ್ಲ! ನಮ್ಮ ನೆಂಟರ ಗೃಹಪ್ರವೇಶದಲ್ಲಿ ಎಲ್ಲರೆದುರು 'ಯುಗಾದಿಗೆ ಚುಕ್ತಾ ಮಾಡ್ತೀನಿ ಅಣ್ಣ' ಅಂದ. ನನಗೆ ಅಷ್ಟಕ್ಕೇ ಖುಷಿ. ಅವತ್ತು ಅದೇ ಮಾತನ್ನು ಪ್ರೋನೋಟಿನ ಹಿಂದೆ ಒಂದು ಸಾಲು ಬರೆಸಿ, ತಾರೀಖು ಹಾಕಿಸಿ, ಸೈನ್ ತಗೊಂಡಿದ್ದರೆ ಹೊಸದಾಗಿ ಮತ್ತೆ 3 ವರ್ಷ ಸಿಗುತ್ತಿತ್ತು. ಸಾಲ ಇದೆ ಅಂತ ಅವಧಿಯೊಳಗೆ ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಲೆಕ್ಕ ಮೊದಲಿಂದ ಶುರು. ಬಾಯಿ ಮಾತಿಗೆ ಆ ಬೆಲೆ ಇಲ್ಲ. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಬಂದೆ.

ಕೊನೆಗೆ ಹಾಸನದಲ್ಲಿ ಒಬ್ಬ ವಕೀಲರ ಹತ್ತಿರ ಹೋದಾಗ ಅವರು ಕಾಗದ ತಿರುಗಿಸಿ ಹಿಂಬದಿ ನೋಡಿದರು. 'ಟೈಮ್ ಬಾರ್ ಆಗಿದೆಯಲ್ರೀ' ಅಂದರು, ಅಂದರೆ ದಾವೆ ಹಾಕೋ ಅವಧಿ ಮುಗಿದುಹೋಗಿದೆ ಅಂತ. ದೇವರ ಮೇಲೆ ಬಿಟ್ಟಿದ್ದೆ ಸಾರ್ ಅಂದೆ. ವಯಸ್ಸಾದವರು, ಸಂಸ್ಕೃತ ಓದಿಕೊಂಡವರು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಏನಿದೆ ಗೊತ್ತಾ ಅಂತ ಶುರು ಮಾಡಿದರು. ವ್ಯಾಜ್ಯಕ್ಕೆ ಪ್ರಮಾಣ ಅಂದರೆ ಬರಹ, ಅನುಭೋಗ (ವಸ್ತುವನ್ನು ಸ್ವಾಧೀನದಲ್ಲಿಟ್ಟು ಅನುಭವಿಸಿಕೊಂಡು ಬಂದಿರೋದು), ಸಾಕ್ಷಿ. ಈ ಮೂರರಲ್ಲಿ ಯಾವುದೂ ಇಲ್ಲದಿದ್ದರೆ ಮಾತ್ರ ದಿವ್ಯ, ಅಂದರೆ ತಕ್ಕಡಿ, ಬೆಂಕಿ, ನೀರು ಇಂಥ ಪರೀಕ್ಷೆ ಮಾಡಿ ದೇವರನ್ನೇ ಕೇಳೋದು. ಆ ಸ್ಮೃತಿಗೆ ಮಿತಾಕ್ಷರ ಅನ್ನೋ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲೇ ಇದ್ದವನು, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು. 'ನಿಮ್ಮ ಹತ್ತಿರ ಬರಹ ಇತ್ತು, ನೀವು ನೇರ ದಿವ್ಯಕ್ಕೇ ಹೋದಿರಿ' ಅಂದರು. ಫೀಸು ತಗೊಳ್ಳಲಿಲ್ಲ.

ಅದಾದ ಮೇಲೆ ನಾನೂ ಒಂದಿಷ್ಟು ಓದಿದೆ. ಕೇಸು ಹಾಕೋದು ಪಾಪ ಅಂತ ಎಲ್ಲೂ ಕಾಣಲಿಲ್ಲ. ಮನುಸ್ಮೃತಿ ಹೇಳುವ 18 ಬಗೆಯ ವ್ಯಾಜ್ಯಗಳಲ್ಲಿ ಮೊದಲನೆಯದೇ ಸಾಲ ತೀರಿಸದಿರೋದು. ಮನುವಿನ ಎಷ್ಟೋ ಮಾತು ನನಗೆ ಆಗಿಬರಲ್ಲ, ಜಾತಿ ನೋಡಿ ಶಿಕ್ಷೆ ಹೇಳಿದವನು. ಆದರೆ ಒಂದು ಮಾತು ಹಿಡಿಸಿತು: ತಪ್ಪು ಮಾಡಿ ರಾಜನಿಂದ ಶಿಕ್ಷೆ ಪಡೆದವನು ಶುದ್ಧನಾಗಿ, ಪುಣ್ಯ ಮಾಡಿದವರ ಹಾಗೆ ಸ್ವರ್ಗಕ್ಕೆ ಹೋಗ್ತಾನಂತೆ. ಅಂದರೆ ಶಿಕ್ಷೆ ಕೊಟ್ಟ ಮೇಲೆ ಹಗೆ ಮುಗೀತು. ನಮ್ಮ ಹಾಸನಾಂಬೆಯ ಕಥೆಯೂ ಹೀಗೇ ಅಲ್ವಾ? ಅಮ್ಮನ ಒಡವೆ ಕದಿಯಲು ಬಂದ ನಾಲ್ವರು ಕಳ್ಳರು ಕಲ್ಲಾದರು. ಆ ಕಲ್ಲುಗಳಿರುವ ಜಾಗಕ್ಕೆ ಜನ ಇಟ್ಟ ಹೆಸರು ಕಳ್ಳಪ್ಪನ ಗುಡಿ. ಕಳ್ಳರಿಗೂ ಗುಡಿ, ಜೊತೆಗೆ 'ಅಪ್ಪ' ಅನ್ನೋ ಗೌರವ!

ನಿಮ್ಮ ಪ್ರಶ್ನೆಯಲ್ಲಿ 'ಕ್ಷಮಿಸಲೋ, ಕೇಸು ಹಾಕಲೋ' ಅಂತಿದೆ. ಈ ಪ್ರಶ್ನೆಯೇ ಸರಿಯಿಲ್ಲ, ಕೋಪ ಮಾಡ್ಕೋಬೇಡಿ. ಮಹಾಭಾರತದ ವನಪರ್ವದಲ್ಲಿ ದ್ರೌಪದಿ ಧರ್ಮರಾಯನಿಗೆ ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ ಮಾತು ನೆನಪಿಸುತ್ತಾಳೆ. ಯಾವಾಗಲೂ ಸಿಟ್ಟೂ ಒಳ್ಳೆಯದಲ್ಲ, ಯಾವಾಗಲೂ ಕ್ಷಮೆಯೂ ಒಳ್ಳೆಯದಲ್ಲ. ಗೊತ್ತಿಲ್ಲದೆ ಮಾಡಿದ್ದನ್ನು ಬಿಡು, ಹಿಂದೆ ಉಪಕಾರ ಮಾಡಿದವನನ್ನು ಬಿಡು, ಬೇಕಂತ ಮಾಡಿ ಗೊತ್ತಿರಲಿಲ್ಲ ಅನ್ನುವವನನ್ನು ಬಿಡಬೇಡ. ಧರ್ಮರಾಯ ಒಪ್ಪಲಿಲ್ಲ, ಕ್ಷಮೆಯನ್ನೇ ಹೊಗಳಿದ. ನಮ್ಮ ಹಿರಿಯರಿಗೆ ಬಾಯಿಗೆ ಬರೋದು ಅವನ ಮಾತು ಮಾತ್ರ, ದ್ರೌಪದಿಯದು ಬರಲ್ಲ. ನಾನು ಅವಳ ಕಡೆ.

ಚಿಕ್ಕಪ್ಪನ ಮಗ ಈಗ ಚೆನ್ನಾಗೇ ಇದ್ದಾನೆ. ಕರ್ಮ ಬಂದು ಏನೂ ಮಾಡಿಲ್ಲ. ಮುಂದಿನ ಜನ್ಮ ಅಂತಾರೆ ದೊಡ್ಡಮ್ಮ, ಇರಬಹುದು, ಶಾಸ್ತ್ರದಲ್ಲೂ ಕರ್ಮಕ್ಕೆ ಸಂಚಿತ, ಪ್ರಾರಬ್ಧ, ಆಗಾಮಿ ಅಂತೆಲ್ಲ ಬಗೆಗಳಿವೆ. ಅವನನ್ನು ಕ್ಷಮಿಸಿದ್ದೀಯಾ ಅಂದರೆ ಇಲ್ಲ. ಕ್ಷಮಿಸೋಕೆ ನನ್ನ ಕೈಯಲ್ಲಿ ಏನಾದರೂ ಉಳಿದಿರಬೇಕಲ್ಲ.

ನೀವು ಮೊದಲು ಭಾವನ ಹತ್ತಿರ ಹೋಗಿ, ಜಗಳ ಬೇಡ, ಹಿಂಬದಿಯಲ್ಲಿ ಒಂದು ಸಾಲು ಬರೆದು ಸೈನ್ ಮಾಡಿ ಅಂತ ಕೇಳಿ. ಮಾಡಿದರೆ ಆರಾಮಾಗಿ ಕಾಯಿರಿ. ಮಾಡದಿದ್ದರೆ ದಾವೆ ಹಾಕಿ. ಲಾಯರ್ ನೋಟಿಸ್ ಕಳಿಸಿದ್ದೀನಿ ಅಂತ ನೆಮ್ಮದಿಯಾಗಿ ಕೂರಬೇಡಿ, ನೋಟಿಸಿಗೆ 3 ವರ್ಷದ ಗಡುವು ನಿಲ್ಲಲ್ಲ. ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಆದ ಮೇಲೆ ಬಡ್ಡಿ ಬಿಡಿ, ಮನಸ್ಸು ಬಂದರೆ ಅಸಲನ್ನೂ ಬಿಡಿ, ಅಕ್ಕನ ಮುಖ ನೋಡಿ. 'ಎರಡು ವರ್ಷ ದಾಟಿದೆ' ಅಂದಿರಿ, ಎಷ್ಟು ದಾಟಿದೆ ಅಂತ ಬರೆದಿಲ್ಲ. ಒಂದು ತಿಂಗಳಾ, ಹನ್ನೊಂದು ತಿಂಗಳಾ? ಬೀರುವಿನಿಂದ ತೆಗೆದು ಇವತ್ತೇ ನೋಡಿ.