ಎಐ ಪಾಠ ಹೇಳಿದ್ರೆ ದೇಶ ಮುಂದೆ ಬರತ್ತಾ?

ಪ್ರಶ್ನೆ: ಮೇಡಂ, ನಾನು ಎಕನಾಮಿಕ್ಸ್ ಸ್ಟೂಡೆಂಟ್. ಒಬ್ಬೊಬ್ರ ಲೆವೆಲ್ ನೋಡ್ಕೊಂಡು ಪಾಠ ಹೇಳೋ ಎಐ ಬಂದ್ರೆ ಇಡೀ ದೇಶನೇ ಬೇರೆ ದೇಶಗಳ ಜೊತೆ ಪೈಪೋಟಿಗೆ ನಿಲ್ಲತ್ತೆ ಅಂತ ಲೆಕ್ಚರರ್ ಹೇಳಿದ್ರು. ಒಂದು ಆಪ್‌ಗೂ ದೇಶದ ಎಕಾನಮಿಗೂ ಏನ್ ಸಂಬಂಧ?

ಉತ್ತರ: ಸಂಬಂಧ ಖಂಡಿತ ಇದೆ, ಆದ್ರೆ ಸ್ವಲ್ಪ ಸುತ್ತು ದಾರಿ. ಎರಿಕ್ ಹನುಶೆಕ್, ಲುಡ್ಗರ್ ವೋಸ್ಮನ್ ಅನ್ನೋ ಎಕನಾಮಿಸ್ಟ್‌ಗಳು ಬೇರೆ ಬೇರೆ ದೇಶಗಳ ಲೆಕ್ಕ ಹಾಕಿ ನೋಡಿದಾಗ, ಜನ ಎಷ್ಟು ವರ್ಷ ಸ್ಕೂಲಿಗೆ ಹೋದ್ರು ಅನ್ನೋದಕ್ಕಿಂತ ಅವರಿಗೆ ನಿಜವಾಗ್ಲೂ ಎಷ್ಟು ಬರತ್ತೆ ಅನ್ನೋದೇ ಆರ್ಥಿಕ ಬೆಳವಣಿಗೆಗೆ ಹೆಚ್ಚು ತಾಳೆ ಆಯ್ತು. ಹಾಗಾಗಿ ಎಷ್ಟು ಜನ ಆಪ್ ಹಾಕ್ಕೊಂಡ್ರು, ಎಷ್ಟು ಸರ್ಟಿಫಿಕೇಟ್ ಕೊಟ್ರು ಅನ್ನೋ ಲೆಕ್ಕ ನನಗೆ ಮುಖ್ಯ ಅನ್ಸಲ್ಲ.

ಒಂದು ಹುಡುಗಿ 1/2 ಮತ್ತು 1/3 ಕೂಡಿಸಿ 2/5 ಅಂತ ಬರೀತಾಳೆ ಅಂದ್ಕೊಳ್ಳಿ. ತುಂಬಿದ ಕ್ಲಾಸಲ್ಲಿ ಅದಕ್ಕೆ ತಪ್ಪು ಅಂತ ಗುರುತು ಬೀಳತ್ತೆ, ಪಾಠ ಮುಂದಕ್ಕೆ ಹೋಗತ್ತೆ. ಒಳ್ಳೆ ಸಾಫ್ಟ್‌ವೇರ್ ಆದ್ರೆ, ಇವಳು ಮೇಲಿನ ಅಂಕಿ ಮೇಲೆ ಕೆಳಗಿನದು ಕೆಳಗೆ ಕೂಡಿಸ್ತಿದಾಳೆ ಅಂತ ಹಿಡಿದು, "ಅರ್ಧಕ್ಕೆ ಇನ್ನಷ್ಟು ಸೇರಿಸಿದ್ಮೇಲೆ ಉತ್ತರ ಅರ್ಧಕ್ಕಿಂತ ಕಮ್ಮಿ ಹೇಗಾಯ್ತು?" ಅಂತ ಕೇಳತ್ತೆ. ಆ ಒಂದು ಪ್ರಶ್ನೆ ಸರಿಯಾದ ಟೈಮಿಗೆ ಬರೋದೇ ದೊಡ್ಡದು. ದೆಹಲಿಲಿ ಮೈಂಡ್‌ಸ್ಪಾರ್ಕ್ ಅನ್ನೋ ಇಂಥ ಸಾಫ್ಟ್‌ವೇರನ್ನ ಸ್ಕೂಲ್ ಮುಗಿದ್ಮೇಲೆ ಕಲಿಸೋ ಸೆಂಟರ್‌ಗಳಲ್ಲಿ ಪರೀಕ್ಷೆ ಮಾಡಿದ್ರು, 2019ರಲ್ಲಿ ಅದರ ಅಧ್ಯಯನ ಪ್ರಕಟವಾಯ್ತು, ನಾಲ್ಕೂವರೆ ತಿಂಗಳಲ್ಲೇ ಗಣಿತ ಹಿಂದಿ ಎರಡರಲ್ಲೂ ಮಕ್ಕಳು ಚೆನ್ನಾಗಿ ಸುಧಾರಿಸಿದ್ರು, ಹಿಂದೆ ಬಿದ್ದಿದ್ದ ಮಕ್ಕಳೂ ಸೇರಿ.

ಆದ್ರೆ ಟರ್ಕಿ ಹೈಸ್ಕೂಲ್ ಮಕ್ಕಳ ಮೇಲೆ ನಡೆದ ಇನ್ನೊಂದು ಪ್ರಯೋಗನೂ ನಿಮ್ಮ ಲೆಕ್ಚರರ್‌ಗೆ ತೋರ್ಸಿ. ಮಾಮೂಲಿ ಚಾಟ್‌ಬಾಟ್ ಕೊಟ್ಟಾಗ ಗಣಿತದ ಪ್ರಾಕ್ಟೀಸ್‌ನಲ್ಲಿ ಶೇ. 48 ಹೆಚ್ಚು ಅಂಕ, ಅದನ್ನ ಕಿತ್ಕೊಂಡು ಪರೀಕ್ಷೆಗೆ ಕೂರಿಸಿದಾಗ ಅದು ಇಲ್ದೇ ಕಲಿತವರಿಗಿಂತ ಶೇ. 17 ಕಮ್ಮಿ! ಉತ್ತರ ಕೊಡದೆ ಬರೀ ಸುಳಿವು ಕೊಡೋ ಹಾಗೆ ಮಾಡಿದ ಬಾಟ್‌ನಲ್ಲಿ ಈ ನಷ್ಟ ಹೆಚ್ಚುಕಮ್ಮಿ ಇರ್ಲಿಲ್ಲ. ಯೋಚ್ನೆ ಮಾಡೋದನ್ನೇ ಬಿಟ್ಟ ಒಂದು ತಲೆಮಾರು ಕೆಲಸಕ್ಕೆ ಸೇರಿದ್ರೆ ಯಾವ ದೇಶ ತಾನೇ ಮುಂದೆ ಬರತ್ತೆ? ಅವಸರನೂ ಆಗಲ್ಲ. ದಕ್ಷಿಣ ಕೊರಿಯಾ 2025ರ ಮಾರ್ಚ್‌ನಲ್ಲಿ ಎಐ ಪಠ್ಯಪುಸ್ತಕ ತಂತು, ಆಗಸ್ಟ್ ಹೊತ್ತಿಗೆ ಅದಕ್ಕಿದ್ದ ಅಧಿಕೃತ ಪಠ್ಯಪುಸ್ತಕ ಅನ್ನೋ ಸ್ಥಾನನೇ ಹೋಯ್ತು.

ಪ್ರಶ್ನೆ: ನಾನು ಅಕೌಂಟ್ಸ್ ಕೆಲಸದಲ್ಲಿದೀನಿ, ವಯಸ್ಸು 43. ಇದೆಲ್ಲ ಮಕ್ಕಳಿಗೇನಾ?

ಉತ್ತರ: ಅಲ್ವೇ ಅಲ್ಲ. ಇವತ್ತು ಸ್ಕೂಲಿಗೆ ಸೇರಿದ ಮಗು ಕೆಲಸಕ್ಕೆ ಬರೋಕೆ ಹದಿನೈದು ವರ್ಷನಾದ್ರೂ ಬೇಕು, ಅಲ್ಲೀವರೆಗೆ ಎಕಾನಮಿ ನಡೆಸೋರು ನಿಮ್ಮಂಥವರೇ. ಸಿಂಗಾಪುರ 2015ರಲ್ಲೇ ಸ್ಕಿಲ್ಸ್‌ಫ್ಯೂಚರ್ ಅನ್ನೋ ಕೌಶಲ ಕಲಿಕೆ ಯೋಜನೆ ಶುರು ಮಾಡಿ 25 ದಾಟಿದ ತನ್ನ ಪ್ರಜೆಗಳಿಗೆ ಕೋರ್ಸ್ ಮಾಡೋಕೆ 500 ಸಿಂಗಾಪುರ ಡಾಲರ್ ಕ್ರೆಡಿಟ್ ಕೊಟ್ಟಿತ್ತು. ನಿಮಗೆ ಗೊತ್ತಿರೋದನ್ನ ಮತ್ತೆ ಹೇಳ್ಸದೆ, ಗೊತ್ತಿಲ್ಲದ ಕಡೆಯಿಂದ ಶುರು ಮಾಡೋ ಕೋರ್ಸ್ ಹುಡುಕಿ, ಕಲಿತ ಮೇಲೆ ನಿಮ್ಮದೇ ಒಂದು ತಿಂಗಳ ಲೆಕ್ಕವನ್ನ ಬಾಟ್ ಮುಚ್ಚಿಟ್ಟು ಮಾಡಿ ನೋಡಿ.