ಮಂಗಳ ಹಾಡದೆ ಎದ್ದು ಹೋದವರು

ಮೈಸೂರಿನ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ಬರೆದಿದ್ದಾರೆ:

“ಕಾಲೇಜಿನ ದಿನಗಳಿಂದ ನಾವು ನಾಲ್ವರು ಗುಂಪಾಗಿ ಬರೆದು ಹರಟುವ ಆನ್‌ಲೈನ್ ತಾಣ ಡಿಸ್ಕಾರ್ಡ್‌ನಲ್ಲಿ ಸೇರಿ ಒಂದು ಕಥೆ ಬರೆಯುತ್ತಿದ್ದೆವು. ಕಡಲ ದಂಡೆಯ ಒಂದು ಕೋಟೆ ಊರು, ಅದಕ್ಕೆ ಶತ್ರುಗಳ ಮುತ್ತಿಗೆ. ಒಬ್ಬೊಬ್ಬರದು ಒಂದೊಂದು ಪಾತ್ರ, ರೋಲ್‌ಪ್ಲೇ ಅನ್ನುತ್ತಾರಲ್ಲ ಹಾಗೆ. ನಾನು ಊರಿನ ವೈದ್ಯೆ. ಈಗ ಟೊರಾಂಟೊದಲ್ಲಿರುವ ಗೆಳೆಯನದು ದಂಡನಾಯಕ. ಮುತ್ತಿಗೆ ಮುಗಿದು ಕೋಟೆ ಬಾಗಿಲು ತೆರೆದ ಮೇಲೂ ಎರಡು ವರ್ಷ ಬರೆದೆವು. ಈಗ ಏಳು ತಿಂಗಳಿಂದ ಸದ್ದಿಲ್ಲ. ಕೊನೆಯ ಪೋಸ್ಟ್ ನನ್ನದೇ. ವೈದ್ಯೆ ದಂಡನಾಯಕನ ಮನೆ ಬಾಗಿಲು ಬಡಿದು ನಿಂತಿದ್ದಾಳೆ. ಅವನು ನನ್ನ ಫೋಟೊಗಳಿಗೆ ಲೈಕ್ ಒತ್ತುತ್ತಾನೆ, ಕಥೆಗೆ ಮಾತ್ರ ಉತ್ತರವಿಲ್ಲ. ಕೇಳಿದರೆ ಪೀಡಿಸಿದ ಹಾಗಾಗುತ್ತಾ? ಇದು ಮುಗಿದಿದೆ ಅಂತ ಹೇಗೆ ತಿಳಿಯಬೇಕು?”

ಸಂಪಾದಕರ ಉತ್ತರ:

ಈ ಪತ್ರ ಓದಿದ ನಮ್ಮ ಕಚೇರಿಯ ಹುಡುಗನೊಬ್ಬ, “ಸರ್, ರೋಲ್‌ಪ್ಲೇ ಅಂದ್ರೆ ಹಂಗೇ. ಎಲ್ಲರೂ ಬ್ಯುಸಿ. ಅದಕ್ಕೆಲ್ಲ ಯಾರು ಅಂತ್ಯ ಹೇಳ್ತಾರೆ?” ಅಂದ. ಅವನ ಮಾತಿನಲ್ಲಿ ನಿಜವಿದೆ. ಇದಕ್ಕೆ ಯಾರೂ ಸಂಬಳ ಕೊಟ್ಟಿಲ್ಲ, ಯಾರೂ ಕರಾರು ಬರೆದುಕೊಟ್ಟಿಲ್ಲ. ಕೆಲಸ, ಮಗು, ಮನೆ ಬದಲಾವಣೆ ಎಲ್ಲ ಇರುತ್ತದೆ. ಸರಿ, ಒಪ್ಪಿದೆ. ಅದರಾಚೆ ಆ ಹುಡುಗನ ಜೊತೆ ನನಗೆ ಯಾವ ಸಹಮತವೂ ಇಲ್ಲ.

ನಾಲ್ಕು ಜನ ಸೇರಿ ಕಟ್ಟಿದ್ದನ್ನು ಒಬ್ಬ ಸುಮ್ನೆ ಬಿಟ್ಟು ಹೋದರೆ ಅದು ಮುಗಿದ ಹಾಗಲ್ಲ. ಮುಗಿಯಿತು ಎಂದು ಯಾರಾದರೂ ಬಾಯಿ ಬಿಟ್ಟು ಹೇಳಬೇಕು. ಬೇರೆ ವಿಷಯಗಳಲ್ಲಿ ನನ್ನನ್ನು ಒಲಿಸಬಹುದು. ಇದರಲ್ಲಿ ಆಗದು.

ನಿಮ್ಮ ಆಟ ಹೊಸದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ, ಆಮೇಲೆ ಅವನ ಜೊತೆ ರಿಚರ್ಡ್ ಬಾರ್ಟಲ್, ಕಂಪ್ಯೂಟರಿನಲ್ಲಿ ಬರೀ ಅಕ್ಷರಗಳಿಂದ ಒಂದು ಲೋಕ ಕಟ್ಟಿದರು. ಹಲವರು ಒಟ್ಟಿಗೆ ಅದರೊಳಗೆ ಹೋಗಿ ಬೇರೆ ಯಾರೋ ಆಗಿ ಓಡಾಡಬಹುದಿತ್ತು. ಆನ್‌ಲೈನಿನ ಲೆಕ್ಕಕ್ಕೆ ಅದೂ ಹಳೆಯದೇ. ಆದರೆ ಬೇರೆ ಯಾರೋ ಆಗಿ, ಎದುರಿನವನ ಮಾತಿಗೆ ಆ ಕ್ಷಣಕ್ಕೆ ಮಾತು ಹೊಂದಿಸಿ, ಸೇರಿ ಕಥೆ ನಡೆಸುವುದು ನಮ್ಮ ಕರಾವಳಿ ಮಲೆನಾಡಿನಲ್ಲಿ ಎಷ್ಟು ಹಿಂದಿನಿಂದ ಇದೆ! ತಾಳಮದ್ದಳೆ ಕೇಳಿದ್ದೀರಾ? ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅರ್ಥ ಹೇಳುವವರು, ಅಂದರೆ ಅರ್ಥಧಾರಿಗಳು, ಕೂತಲ್ಲೇ ಮಾತು ಹುಟ್ಟಿಸಬೇಕು.

ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನಾನು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವನು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುತ್ತಾನೆ. ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ನಿನಗೂ ನನಗೂ ಏನು ಹಗೆ? ರಾಮನ ಅರ್ಥಧಾರಿ ಉತ್ತರ ಕೊಡುತ್ತಾನೆ, ಅದಕ್ಕೆ ವಾಲಿ ಇನ್ನೊಂದು ಪಾಟೀ ಸವಾಲು ಹಾಕುತ್ತಾನೆ. ವಾಲಿಯ ಕಡೆಯ ಮಾತೇ ಗಟ್ಟಿ ಅಂತ ಸಭೆಗೆಲ್ಲ ಅನಿಸುತ್ತದೆ. ಹೀಗೇ ಬಿಟ್ಟರೆ ಬೆಳಗಾದರೂ ವಾಲಿ ಸಾಯುವುದಿಲ್ಲ! ಆಗ ಪದ ಹಾಡಿ ಪ್ರಸಂಗ ನಡೆಸುವ ಭಾಗವತರು ತಾಳ ತಟ್ಟಿ ಮುಂದಿನ ಪದ ಎತ್ತುತ್ತಾರೆ. ಅಲ್ಲಿಗೆ ವಾಲಿಯ ವಾದ ಮುಗಿಯಿತು. ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಪದಕ್ಕೆ ತಲೆಬಾಗಿ ಪ್ರಾಣ ಬಿಡಲೇಬೇಕು. ಕೊನೆಗೆ ಮಂಗಳ. ಮಂಗಳ ಆಗುವವರೆಗೆ ಆಟ ಮುಗಿದಿಲ್ಲ, ಆದ ಮೇಲೆ ಉಳಿದಿಲ್ಲ. ಬಯಲಾಟದ ಮೇಳಗಳ ತಿರುಗಾಟಕ್ಕೂ ಕೊನೆಯ ದಿನವಿದೆ, ಪತ್ತನಾಜೆ. ಮೇ 24ರ ಸುಮಾರಿಗೆ ಬರುತ್ತದೆ. ಅಂದು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ಮಳೆಗಾಲ ಕಳೆದ ಮೇಲೆ.

ನಿಮ್ಮ ನಾಲ್ವರಲ್ಲಿ ಭಾಗವತರು ಯಾರು? ಪತ್ರದಲ್ಲಿ ಎಲ್ಲೂ ಇಲ್ಲ. ಎಲ್ಲರೂ ಅರ್ಥಧಾರಿಗಳೇ ಆಗಿ ಕೂತಿರಿ. ಪದ ಎತ್ತುವವರನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದರೆ ಈ ಪತ್ರ ಬರೆಯುವ ಕಷ್ಟ ನಿಮಗೆ ಇರುತ್ತಿರಲಿಲ್ಲ.

ಈಗ ನಿಮಗೆ ಸ್ವಲ್ಪ ಬೇಜಾರಾಗುವ ಮಾತು. ಮುತ್ತಿಗೆ ಮುಗಿದು ಬಾಗಿಲು ತೆರೆದ ಮೇಲೂ ಎರಡು ವರ್ಷ ಬರೆದೆವು ಅಂದಿರಿ. ಆ ಎರಡು ವರ್ಷದಲ್ಲಿ ಏನಾಯಿತು ಎಂದು ಒಂದು ಸಾಲೂ ಬರೆದಿಲ್ಲ. ಮುತ್ತಿಗೆಯ ಬಗ್ಗೆ ಮಾತ್ರ ಒಂದೂವರೆ ಪುಟ, ಅದನ್ನು ಜಾಗ ಸಾಲದೆ ಇಲ್ಲಿ ಕತ್ತರಿಸಿದ್ದೇನೆ. ಉಪ್ಪು ತೀರಿದ್ದು, ಬಾವಿಗೆ ಕಾವಲು ಹಾಕಿದ್ದು, ಗಾಯಕ್ಕೆ ಕಟ್ಟಲು ಮದುವೆ ಸೀರೆ ಹರಿದದ್ದು. ಎಷ್ಟು ಚೆಂದ ಬರೆದಿದ್ದೀರಿ ಗೊತ್ತಾ? ಊರು ಉಳಿಯುತ್ತದೋ ಇಲ್ಲವೋ ಎಂದು ಕಥೆ ಶುರುವಾಗಿತ್ತು. ಊರು ಉಳಿಯಿತು. ನನ್ನ ಲೆಕ್ಕದಲ್ಲಿ ಕಥೆ ಮುಗಿದದ್ದು ಆ ರಾತ್ರಿ. ಆಮೇಲಿನದು ಕಥೆಯ ನೆಪದಲ್ಲಿ ನಡೆದ ಸ್ನೇಹ. ಅದೇನು ಕಮ್ಮಿಯದಲ್ಲ. ಆದರೆ ಏಳು ತಿಂಗಳಿಂದ ನೀವು ಕಾಯುತ್ತಿರುವುದು ದಂಡನಾಯಕನಿಗೋ, ಟೊರಾಂಟೊದ ಗೆಳೆಯನಿಗೋ? ನೋಡಿ ತಾಯಿ, ಎರಡನೆಯದಾದರೆ ವೈದ್ಯೆಯನ್ನು ಯಾಕೆ ಬಾಗಿಲಲ್ಲಿ ನಿಲ್ಲಿಸಿದ್ದೀರಿ?

ನಿಂತ ಆಟ ಬೇರೆ, ಮುಗಿದ ಆಟ ಬೇರೆ. ನಿಂತದ್ದಾದರೆ ಪಾತ್ರಗಳು ಮಾತಿನಲ್ಲಿ ಬದುಕಿರುತ್ತವೆ. “ನಮ್ಮ ದಂಡನಾಯಕ ಆಗಿದ್ರೆ ಇದಕ್ಕೆ ಏನಂತಿದ್ದ” ಎಂದು ಯಾರೋ ಒಬ್ಬರು ಆಗಾಗ ಅನ್ನುತ್ತಾರೆ. ಮುಗಿದದ್ದಾದರೆ ಹೊಸ ದೃಶ್ಯ ಬರೆಯಲು ಕೂತಾಗ ಪಾತ್ರಗಳಿಗೆ ಊಟ, ಸಂತೆ, ಹಬ್ಬ ಬಿಟ್ಟು ಬೇರೆ ಕೆಲಸ ಸಿಗುವುದಿಲ್ಲ. ನಿಮ್ಮ ಕೊನೆಯ ಇಪ್ಪತ್ತು ಪೋಸ್ಟ್ ತೆರೆದು ನೋಡಿ, ಗೊತ್ತಾಗುತ್ತದೆ.

ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಕ್ಕೆ ನಿಲ್ಲಿಸಿದ. ದುರ್ಯೋಧನ ತೊಡೆ ಮುರಿದು ಬಿದ್ದ, ಅವನ ಮಟ್ಟಿಗೆ ಕೃಷ್ಣಕಥೆ ಆಯಿತು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ಬರೆದು ಸೇರಿಸಿದ. ತಿಮ್ಮಣ್ಣ ಮಾಡಿದ್ದು ತಪ್ಪಲ್ಲ. ಆದರೆ ಗಮಕಿಗಳು ಊರೂರಿನಲ್ಲಿ ಇವತ್ತಿಗೂ ಓದುವುದು ಯಾರದ್ದನ್ನು?

ಇನ್ನೊಂದು ಕಡೆ ನೋಡಿ. ‘ಸಿಟಿ ಆಫ್ ಹೀರೋಸ್’ ಎಂಬ ಅಮೆರಿಕದ ಆನ್‌ಲೈನ್ ಆಟವನ್ನು ನಿಲ್ಲಿಸುತ್ತೇವೆ ಎಂದು ಅದರ ಒಡೆಯರಾದ ಎನ್‌ಸಿಸಾಫ್ಟ್ 2012ರ ಆಗಸ್ಟ್ ಕೊನೆಯಲ್ಲಿ ಹೇಳಿತು. ಅದರೊಳಗೆ ರೋಲ್‌ಪ್ಲೇ ಮಾಡುತ್ತಿದ್ದವರು ತುಂಬ ಜನ. ಅವರಲ್ಲಿ ಹಲವರು, ನಿಲ್ಲಿಸಬೇಡಿ ಎಂದು, ಆಟದೊಳಗಿನ ಅಟ್ಲಾಸ್ ಪಾರ್ಕ್ ಎಂಬ ಜಾಗದಲ್ಲಿ ತಮ್ಮ ತಮ್ಮ ವೇಷದಲ್ಲೇ ಪಂಜು ಹಿಡಿದು ಸೇರಿದರು. ಕಂಪನಿ ಕೇಳಲಿಲ್ಲ, ನವೆಂಬರ್ 30ಕ್ಕೆ ಸರ್ವರ್ ಆರಿಸಿತು. 2019ರಲ್ಲಿ ಅಭಿಮಾನಿಗಳ ಸರ್ವರ್‌ಗಳು ಎದ್ದವು. 2024ರ ಜನವರಿಯಲ್ಲಿ ಅದೇ ಕಂಪನಿ ಅವುಗಳಲ್ಲೊಂದಕ್ಕೆ ಪರವಾನಗಿ ಕೊಟ್ಟಿತು! ಯಂತ್ರ ಆರಿಸಿದವರು ಕಥೆಯನ್ನು ಮುಗಿಸಲಾರರು. ಯಂತ್ರ ಉರಿಯುತ್ತಿದೆ ಎಂದ ಮಾತ್ರಕ್ಕೆ ಕಥೆ ಬದುಕಿದೆ ಎಂದೂ ಅಲ್ಲ.

ಅಂತ್ಯ ಹೇಳುವ ಮರ್ಯಾದೆ ನಮ್ಮಲ್ಲಿ ಎಲ್ಲ ಕಡೆಯೂ ಹೋಗಿದೆ ಅನ್ನುವುದು ನನ್ನ ಹಳೆಯ ಗೋಳು. ಟಿವಿಯ ಧಾರಾವಾಹಿ ಮದುವೆಗೆ ಮುಗಿಯಬೇಕಾದ್ದು ಮೊಮ್ಮಗಳವರೆಗೆ ಎಳೆಯುತ್ತದೆ. ಇನ್ನೊಂದು ಧಾರಾವಾಹಿ ಒಂದು ಶುಕ್ರವಾರ ಇತ್ತು, ಸೋಮವಾರ ಇಲ್ಲ. ಕೆಲಸಕ್ಕೆ ಸಂದರ್ಶನ ಮಾಡಿದ ಕಂಪನಿಯವರು “ತಿಳಿಸುತ್ತೇವೆ” ಅನ್ನುತ್ತಾರೆ, ತಿಳಿಸುವುದಿಲ್ಲ. ಹುಡುಗಿ ನೋಡಿ ಉಪ್ಪಿಟ್ಟು ಕೇಸರಿಬಾತು ತಿಂದು ಹೋದವರೂ ಅಷ್ಟೇ. ನಮ್ಮ ಪತ್ರಿಕೆಗೇ ಒಬ್ಬ ಕಾದಂಬರಿಕಾರರು ಹನ್ನೊಂದನೇ ಕಂತಿನಲ್ಲಿ ನಾಯಕನನ್ನು ಬಸ್ಸು ಹತ್ತಿಸಿ ಫೋನ್ ತೆಗೆಯುವುದನ್ನೇ ನಿಲ್ಲಿಸಿದರು. ಆ ಬಸ್ಸು ಎಲ್ಲಿಗೆ ಹೋಯಿತು ಎಂದು ಓದುಗರು ಇವತ್ತಿಗೂ ನನ್ನನ್ನು ಕೇಳುತ್ತಾರೆ. ಯಾರಿಗೂ ‘ಸಾಕು’ ಅನ್ನಲು ಧೈರ್ಯವಿಲ್ಲ. ಅಂದರೆ ಎದುರಿನವರಿಗೆ ನೋವಾಗುತ್ತದಂತೆ! ಏಳು ತಿಂಗಳು ಕಾಯಿಸಿದರೆ ಆಗುವುದಿಲ್ಲವಾ?

ಹಾಗಾಗಿ ಕೇಳಿ, ಧಾರಾಳವಾಗಿ ಕೇಳಿ. ಪೀಡಿಸಿದ ಹಾಗಾಗುವುದಿಲ್ಲ. ಪಾತ್ರದ ಬಾಯಲ್ಲಿ ಬೇಡ, ನಿಮ್ಮ ಬಾಯಲ್ಲೇ. “ಕೋಟೆಯ ಕಥೆ ನನಗೆ ಮುಗಿದ ಹಾಗೆ ಅನಿಸುತ್ತಿದೆ. ಈ ತಿಂಗಳ ಕೊನೆಗೆ ನಾನೊಂದು ಕೊನೆಯ ದೃಶ್ಯ ಬರೆಯುತ್ತೇನೆ. ನಿನಗೂ ಬರೆಯಬೇಕು ಅನಿಸಿದರೆ ಬಾ.” ಇಷ್ಟೇ. ಯಾಕೆ ಬರೆಯಲಿಲ್ಲ ಎಂದು ವಿಚಾರಣೆ ಬೇಡ. ಉಳಿದಿಬ್ಬರಿಗೂ ಇದನ್ನೇ ಕಳಿಸಿ, ಅವರನ್ನು ನೀವು ಪತ್ರದಲ್ಲಿ ಮರೆತೇಬಿಟ್ಟಿದ್ದೀರಿ.

ಅವನು ಬಾರದಿದ್ದರೆ ದೃಶ್ಯವನ್ನು ನೀವೇ ಬರೆಯಿರಿ. ಒಂದೇ ಷರತ್ತು. ದಂಡನಾಯಕನ ಬಾಯಿಗೆ ಮಾತು ತುರುಕಬೇಡಿ, ಅವನನ್ನು ಕೊಲ್ಲಲೂ ಬೇಡಿ. ಇನ್ನೊಬ್ಬರ ಪಾತ್ರಕ್ಕೆ ಕೈ ಹಾಕಬಾರದು ಅನ್ನುವುದು ನಿಮ್ಮ ಆಟದ ಮೊದಲ ನಿಯಮ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅವನು ಊರಲ್ಲಿಲ್ಲ ಅನ್ನಿ, ಗಡಿಗೆ ಹೋಗಿದ್ದಾನೆ ಅನ್ನಿ. ವೈದ್ಯೆ ತನ್ನ ಮನೆಗೆ ಹೋಗಲಿ, ರೋಗಿಗಳು ಕಾಯುತ್ತಿರುತ್ತಾರೆ.

ಇದಕ್ಕೆಲ್ಲ ಮೊದಲು ಬರೆದದ್ದಷ್ಟನ್ನೂ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಜನ ಸೇರಿ ಬರೆಯುತ್ತಿದ್ದ ಆನ್‌ಲೈನ್ ತಾಣಗಳೂ ಮುಚ್ಚುತ್ತವೆ. ಆರ್ಕುಟ್ 2014ರಲ್ಲಿ ಹೋಯಿತು, ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ. ಅವುಗಳ ಜೊತೆ ಯಾರ್ಯಾರ ಕಥೆಗಳು ಹೋದವೋ. ಡಿಸ್ಕಾರ್ಡ್‌ನಲ್ಲಿ ನಿಮ್ಮ ಕಥೆ ಇರುವ ಜಾಗ, ಅದೇ ಸರ್ವರ್, ಯಾರ ಹೆಸರಿನಲ್ಲಿದೆ? ಆ ಗೆಳೆಯನ ಹೆಸರಿನಲ್ಲಿದ್ದರೆ ಇವತ್ತೇ ಮಾಡಿ. ಆಮೇಲೆ ಟೊರಾಂಟೊಗೆ ಬರೆಯಿರಿ. ನಮ್ಮಲ್ಲಿ ಭಾನುವಾರ ಸಂಜೆ ಏಳರ ಹೊತ್ತಿಗೆ ಕಳಿಸಿದರೆ ಅಲ್ಲಿ ಬೆಳಿಗ್ಗೆ. ರಜೆಯ ದಿನ, ಕಾಫಿ ಕುಡಿಯುತ್ತ ಓದುತ್ತಾನೆ.